ಪ್ರೀತಿ ಸಿಗದವರು, ಪ್ರೀತಿಗೆ ಬೇಲಿ ಹಾಕಿದವರು

 

ಘೋರ ಅಪರಾಧದ ಸುದ್ದಿ ಓದಿದಾಗ ‘ಇವರೂ ಮನುಷ್ಯರೇ?’ ಎಂದು ಕೇಳಿ ಸುಮ್ಮನಾಗುತ್ತೇವೆ. ಪ್ರತೀತ್ಯ ಸಮುತ್ಪಾದವನ್ನು ಒಪ್ಪಿದ ನಾವು ಅಲ್ಲಿಗೇ ನಿಲ್ಲುವಂತಿಲ್ಲ. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ, ಕ್ರೌರ್ಯವೂ ಅಷ್ಟೆ.

ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ 1944ರಲ್ಲಿ, ಕಳ್ಳತನ ಮಾಡಿದ 44 ಮಕ್ಕಳ ಅಧ್ಯಯನ ಪ್ರಕಟಿಸಿದರು. ಅವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಅಕ್ಕರೆ ಇರಲಿಲ್ಲ. ಆ 14ರಲ್ಲಿ 12 ಮಕ್ಕಳು ಎಳವೆಯಲ್ಲೇ ಬಹುಕಾಲ ತಾಯಿಯಿಂದ ದೂರವಾಗಿದ್ದವರು. ಹೋಲಿಕೆಗೆ ತೆಗೆದುಕೊಂಡ, ಕಳ್ಳತನ ಮಾಡದ 44 ಮಕ್ಕಳಲ್ಲಿ ಹಾಗೆ ದೂರವಾಗಿದ್ದವರು ಇಬ್ಬರೇ. ಇದು ಸಣ್ಣ ಅಧ್ಯಯನ. ತಾಯಿಯಿಂದ ಅಗಲಿದ ಮಕ್ಕಳೆಲ್ಲ ಕಳ್ಳರಾಗುವುದೂ ಇಲ್ಲ. ಆದರೂ ಅತ್ತಾಗ ಯಾರೂ ಎತ್ತಿಕೊಳ್ಳದ ಮಗುವಿಗೆ ಇನ್ನೊಬ್ಬರ ಅಳು ತಟ್ಟುವುದು ಕಷ್ಟವೆಂಬುದು ನಮಗೂ ಅರ್ಥವಾಗುವ ಮಾತು.

‘ಅಂಟು ಬಿಡಿ ಅನ್ನುತ್ತದಲ್ಲ ಧಮ್ಮ?’ ಎಂದು ನೀವು ಕೇಳಬಹುದು. ಬಿಡಬೇಕಾದದ್ದು ತೃಷ್ಣೆ, ಎಲ್ಲವೂ ನನಗೇ ಬೇಕೆನ್ನುವ ದಾಹ. ಮಗುವಿಗೆ ಬೇಕಾದದ್ದು ಮೈತ್ರಿ. ಎರಡೂ ಒಂದೇ ಅಲ್ಲ.

ಆದರೆ ಎಲ್ಲ ಕ್ರೌರ್ಯಕ್ಕೂ ಇದೇ ಕಾರಣ ಎನ್ನಲಾಗದು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ರ ಮಾರ್ಚ್ 11ರಂದು 7 ದಲಿತರನ್ನು ಜೀವಂತ ಸುಟ್ಟದ್ದು ಒಂದು ಗುಂಪು. ಗುಂಪು ಕಟ್ಟುವವರಿಗೆ ಬಾಂಧವ್ಯದ ಕೊರತೆ ಇರುವುದಿಲ್ಲ. ತಮ್ಮವರಿಗಾಗಿ ಪ್ರಾಣ ಕೊಡುವ ಪ್ರೀತಿ ಅವರಲ್ಲಿರಬಹುದು, ಆದರೆ ಅದು ಜಾತಿಯ ಬೇಲಿ ದಾಟುವುದಿಲ್ಲ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಸಕಲ ಜೀವಿಗಳ ಮೇಲಿನದು ಎಂದು ಬಾಬಾಸಾಹೇಬರು ಬಿಡಿಸಿ ಹೇಳಿದ್ದು ಇದಕ್ಕೇ ಎಂದು ನಾನು ತಿಳಿದಿದ್ದೇನೆ. ಪ್ರೀತಿ ಇದ್ದರಷ್ಟೇ ಸಾಲದು, ಅದಕ್ಕೆ ಬೇಲಿ ಇರಬಾರದು.

ಕಾರಣ ತಿಳಿದ ಮಾತ್ರಕ್ಕೆ ಅಪರಾಧಿ ನಿರ್ದೋಷಿಯಾಗುವುದಿಲ್ಲ. ಅಂಗುಲಿಮಾಲನನ್ನು ಭಗವಾನರು ಸಂಘಕ್ಕೆ ಸೇರಿಸಿಕೊಂಡರು. ಮುಂದೆ ಭಿಕ್ಷೆಗೆ ಹೋದಲ್ಲಿ ಕಲ್ಲೇಟು ಬಿದ್ದು ರಕ್ತ ಸುರಿದಾಗ, ಇದು ನಿನ್ನ ಕರ್ಮದ ಫಲ, ಸಹಿಸಿಕೋ ಎಂದರು. ಬದಲಾಗುವ ದಾರಿ ತೆರೆದರು, ಮಾಡಿದ್ದರ ಹೊಣೆಯನ್ನು ಅವನ ಮೇಲೇ ಬಿಟ್ಟರು.

ನನ್ನ ತರಗತಿಯಲ್ಲಿ ಮಗು ಪೆನ್ನು ಕದ್ದರೆ ‘ಸಂಜೆ ಮನೆಯಲ್ಲಿ ನಿನ್ನ ಜೊತೆ ಯಾರಿರ್ತಾರಪ್ಪ?’ ಎಂದು ಕೇಳುತ್ತೇನೆ. ಪೆನ್ನನ್ನೂ ವಾಪಸ್ ಕೊಡಿಸುತ್ತೇನೆ.

ಇಂದು ಧ್ಯಾನಕ್ಕೆ ಕೂತಾಗ, ನಮ್ಮ ಮೈತ್ರಿ ಯಾರ ಮನೆ ಬಾಗಿಲಲ್ಲಿ ನಿಂತುಬಿಡುತ್ತದೆ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.