ಆರಿಸದವರ ಊರು

ರಾಯದುರ್ಗ ತಾಲ್ಲೂಕಿನ ಜನ 1953ರ ಅಕ್ಟೋಬರ್ 1ರಂದು ಇದ್ದಲ್ಲೇ ಇದ್ದು ಬೇರೆ ರಾಜ್ಯಕ್ಕೆ ಹೋದರು. ಯಾರೂ ಗಾಡಿ ಕಟ್ಟಲಿಲ್ಲ, ಯಾರ ಮನೆಗೂ ಬೀಗ ಬೀಳಲಿಲ್ಲ. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಹಂಚುವಾಗ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರದ ಪಾಲಾದವು, ಮಿಕ್ಕವು ಮೈಸೂರಿಗೆ ಬಂದವು. ಅಷ್ಟಕ್ಕೇ ಮುಗಿಯಲಿಲ್ಲ. ಎರಡು ವರ್ಷ ಕಳೆದ ಮೇಲೆ ರಾಜ್ಯಗಳ ಪುನರ್ವಿಂಗಡಣೆಗೆಂದು ನೇಮಕವಾದ ಫಜಲ್ ಅಲಿ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನೂ ಆಂಧ್ರಕ್ಕೇ ಕೊಡಿ ಎಂದು ಶಿಫಾರಸು ಮಾಡಿತು. ಸರ್ಕಾರ ಅದನ್ನು ಒಪ್ಪದೇ ಹೋದದ್ದರಿಂದ ಅವು ಈಚೆ ಉಳಿದವು. ಈಗ ಬೊಮ್ಮನಹಾಳ್ ಮಂಡಲಕ್ಕೆ ಸೇರಿದ ನೇಮಕಲ್ಲಿನಂಥ ಊರಿನಲ್ಲಿ ಅಜ್ಜ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ಮೊಮ್ಮಗ ಹುಟ್ಟಿದ್ದು ಅನಂತಪುರ ಜಿಲ್ಲೆಯಲ್ಲಿ. ಇಬ್ಬರೂ ಉತ್ತಿದ್ದು ಒಂದೇ ಹೊಲ.

ಬದಲಾಗದೆ ಉಳಿದದ್ದೂ ಬಹಳ ಇದೆ. ಆಸ್ಪತ್ರೆಗೆ, ಜವಳಿಗೆ, ಬೀಗತನಕ್ಕೆ ಬಳ್ಳಾರಿಯೇ ಹತ್ತಿರ. ಅನಂತಪುರ ಕಚೇರಿ ಕೆಲಸ ಬಿದ್ದಾಗಿನ ಊರು. ಶ್ರಾವಣದಲ್ಲಿ ಕಸಾಪುರ, ಮುರಡಿ, ನೇಮಕಲ್ಲುಗಳ ಮೂವರು ಆಂಜನೇಯರನ್ನು ಒಂದೇ ದಿನ ನೋಡಿ ಬರಬೇಕೆಂದು ಹೊರಡುವವರಲ್ಲಿ ಗಡಿಯ ಎರಡೂ ಕಡೆಯವರಿರುತ್ತಾರೆ. ಮೂರನ್ನೂ ವ್ಯಾಸರಾಯರೇ ಪ್ರತಿಷ್ಠಾಪಿಸಿದ್ದು ಎಂಬ ನಂಬಿಕೆ ಇಬ್ಬರದೂ. ಹಗರಿ ಹೊಳೆಯೂ ಹಿರಿಯೂರಿನ ಕಡೆಯಿಂದ ಆಂಧ್ರಕ್ಕೆ ಹೋಗಿ, ಮತ್ತೆ ಬಳ್ಳಾರಿ ಸೀಮೆಗೆ ಬಂದೇ ತುಂಗಭದ್ರೆಯನ್ನು ಸೇರುತ್ತದೆ.

ನಿಜವಾಗಿ ಬದಲಾದದ್ದು ಮಕ್ಕಳ ಹಣೆಬರಹ. ಕನ್ನಡದಲ್ಲಿ ಓದಿದರೆ ನೌಕರಿ ಎಲ್ಲಿ, ತೆಲುಗಿನಲ್ಲಿ ಓದಿದರೆ ಮನೆಮಾತು ಎಲ್ಲಿಯವರೆಗೆ ಎಂಬ ಪ್ರಶ್ನೆ ಅವರ ಬೆನ್ನು ಹತ್ತಿತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಕಲಮು ಇದೆ. ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ಎಂದು ಅದು ತಾಲ್ಲೂಕುಗಳನ್ನು ಹೆಸರು ಹಿಡಿದು ಹೇಳುತ್ತದೆ. ಆಂಧ್ರದಲ್ಲಿ ತಾಲ್ಲೂಕುಗಳು ಹೋಗಿ ಮಂಡಲಗಳು ಬಂದದ್ದು 1985ರಲ್ಲಿ. ಮಡಕಶಿರಾ 2022ರಿಂದ ಅನಂತಪುರ ಜಿಲ್ಲೆಯಲ್ಲೂ ಇಲ್ಲ, ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಿಯಮದ ಕಾಗದದಲ್ಲಿ ಮಾತ್ರ ಹಳೆಯ ತಾಲ್ಲೂಕು ಹಾಗೇ ಇದೆ. ಈ ಕಲಮಿನಡಿ ಸೀಟು ಕೇಳುವ ಹುಡುಗಿ ಕನ್ನಡ ಭಾಷಾ ಪರೀಕ್ಷೆ ಬರೆದು ತನ್ನ ಕನ್ನಡವನ್ನು ರುಜುವಾತು ಮಾಡಬೇಕು. ಗಡಿ ಎಳೆದವರಿಗೆ ಅಂಥ ಪರೀಕ್ಷೆಯೇನೂ ಇರಲಿಲ್ಲ.

ಇದೇ ಸೀಮೆಯ ಹುಡುಗರು ಇವತ್ತು ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕಾರು ವರ್ಷ ದುಡಿದು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಯಾವ ದೇಶಕ್ಕೆ ಹೋಗೋಣ ಎಂದು ಲೆಕ್ಕಕ್ಕೆ ಕೂರುತ್ತಾರೆ. ಡಲ್ಲಾಸೋ ಟೊರಾಂಟೋನೋ, ಸಿಂಗಪುರವೋ ದುಬೈಯೋ? ಸಂಬಳ ಎಷ್ಟು, ತೆರಿಗೆ ಎಷ್ಟು, ಬಾಡಿಗೆ ಎಷ್ಟು, ಚಳಿ ಎಷ್ಟು ತಿಂಗಳು, ಶಾಲೆ ಹೇಗೆ, ದೇವಸ್ಥಾನ ಇದೆಯೋ, ಜೋಳದ ಹಿಟ್ಟು ಸಿಗುತ್ತದೋ. ಈ ಲೆಕ್ಕ ತೀರಾ ಲೌಕಿಕವಾಯಿತೆಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರುವುದಿಲ್ಲ. ಬರದ ಸೀಮೆಯಲ್ಲಿ ಬೆಳೆದವನಿಗೆ ಸಂಬಳದ ಲೆಕ್ಕ ಹಾಕಬೇಡ ಎನ್ನುವುದು ಹೊಟ್ಟೆ ತುಂಬಿದವರ ಮಾತು. ನನ್ನ ತಕರಾರು ಬೇರೆ. ಪಟ್ಟಿ ಬರೆಯುವವನು ಒಬ್ಬ, ಅದರ ಪ್ರಕಾರ ಬಾಳಬೇಕಾದವರು ನಾಲ್ಕೈದು ಜನ. ದೇಶ ದೇಶಗಳನ್ನು ಅಕ್ಕಪಕ್ಕ ಇಟ್ಟು ತೂಗುವ ಮೊದಲು ಕೇಳಬೇಕಾದದ್ದು ಇದು: ಈ ಹೋಗುವಿಕೆಯನ್ನು ಆರಿಸದೇ ಹೊರಡುವವರಿಗೆ ತಮ್ಮ ಪಾಲಿನ ಆಯ್ಕೆ ಯಾವ ಊರಿನಲ್ಲಿ ಬೇಗ ಕೈಗೆ ಬರುತ್ತದೆ?

ಊರು ಬಿಡದೆ ಉಳಿದವನು ಆ ಊರಿನ ಕಾನೂನಿಗೆ ಒಪ್ಪಿಗೆ ಕೊಟ್ಟಂತೆಯೇ ಎಂಬ ವಾದ ಪ್ಲೇಟೋ ಬರೆದ ‘ಕ್ರಿಟೋ’ ಸಂವಾದದಷ್ಟು ಹಳೆಯದು. ಬೇಡವಾಗಿದ್ದರೆ ಗಂಟುಮೂಟೆ ಕಟ್ಟಿಕೊಂಡು ಹೋಗಬಹುದಿತ್ತಲ್ಲ ಎಂದು ಅಥೆನ್ಸಿನ ಕಾನೂನುಗಳು ಅಲ್ಲಿ ಸಾಕ್ರೆಟಿಸನನ್ನು ಕೇಳುತ್ತವೆ. 1748ರಲ್ಲಿ ಡೇವಿಡ್ ಹ್ಯೂಮ್ ಈ ವಾದದ ಬುಡಕ್ಕೇ ಕೈ ಹಾಕಿದ. ಪರದೇಶದ ಮಾತು, ರೀತಿ ನೀತಿ ಯಾವುದೂ ತಿಳಿಯದ, ಅಂದಂದಿನ ಕೂಲಿಯ ಮೇಲೆ ಬದುಕುವ ಬಡ ರೈತನಿಗೆ ದೇಶ ಬಿಡುವ ಸ್ವಾತಂತ್ರ್ಯವಿದೆ ಎಂದು ಗಂಭೀರವಾಗಿ ಹೇಳಲಾದೀತೇ? ನಿದ್ದೆಯಲ್ಲಿದ್ದವನನ್ನು ಎತ್ತಿ ಹಡಗಿಗೆ ಹಾಕಿದ್ದಾರೆ; ಎಚ್ಚರವಾದ ಮೇಲೆ ಅವನು ಸಮುದ್ರಕ್ಕೆ ಹಾರಲಿಲ್ಲ ಎಂದರೆ ಕಪ್ತಾನನನ್ನು ಒಪ್ಪಿಕೊಂಡ ಎಂದು ಅರ್ಥವೇ? ಹ್ಯೂಮ್ ಮಾತಾಡುತ್ತಿದ್ದದ್ದು ದೊರೆ ಮತ್ತು ಪ್ರಜೆಗಳ ಬಗ್ಗೆ. ಆದರೆ ಅವನ ದೃಷ್ಟಾಂತ ಅಕ್ಷರಶಃ ನಡೆಯುವುದು ಸಂಸಾರದಲ್ಲಿ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡುರಾತ್ರಿ ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿರುವ ಕೂಸಿನ ವಿಷಯದಲ್ಲಿ. ಅಪ್ಪ ಇದನ್ನು ಪ್ರೀತಿಯಿಂದಲೇ ಮಾಡುತ್ತಾನೆ, ನಿಜ. 1953ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದವರಿಗೂ ನೇಮಕಲ್ಲಿನ ಮೇಲೆ ಹಗೆ ಇರಲಿಲ್ಲ.

ಪರಸ್ಥಳಕ್ಕೆ ಹೋಗಿ ನೆಲೆಸುವುದರಲ್ಲಿ ನಮ್ಮ ಕಡೆ ತಲೆಮಾರುಗಳಿಂದ ಪಳಗಿದವರು ಹೆಣ್ಣುಮಕ್ಕಳು. ಬಳ್ಳಾರಿ ತಾಲ್ಲೂಕಿನ ಹುಡುಗಿ ರಾಯದುರ್ಗದ ಕಡೆಗೆ, ರಾಯದುರ್ಗದವಳು ಮೊಳಕಾಲ್ಮೂರಿನ ಕಡೆಗೆ ಮದುವೆಯಾಗಿ ಹೋಗುವುದು ಇಂದಿಗೂ ನಿಂತಿಲ್ಲ. ಸಂಬಂಧ ಕುದುರಿಸುವ ಹಿರಿಯರು ಏನೇನು ವಿಚಾರಿಸುತ್ತಾರೆ ನೋಡಿ. ಕುಡಿಯೋ ನೀರು ಎಷ್ಟು ದೂರ? ಹೊಲಕ್ಕೆ ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆ ನೀರು ಬರುತ್ತದೋ, ಮಳೆ ನಂಬಿದ್ದೋ? ಅತ್ತೆ ಎಂಥವಳು? ಬಸ್ಸು ಊರೊಳಗೆ ಬರುತ್ತದೋ, ಕ್ರಾಸಿಗೆ ಇಳಿದು ನಡೆಯಬೇಕೋ? ಕೊನೆಯ ಪ್ರಶ್ನೆಯನ್ನು ನಾನು ಬಹಳ ಮೆಚ್ಚುತ್ತೇನೆ. ಬಸ್ಸು ಬೇಕಾದದ್ದು ಅಳಿಯನಿಗಲ್ಲ. ಮಗಳಿಗೆ ಬಾಳು ಕಷ್ಟವಾದ ದಿನ ಒಬ್ಬಳೇ ತವರಿಗೆ ಬರಲು ಸಾಧ್ಯವೇ ಎಂಬುದನ್ನು ಆ ಪ್ರಶ್ನೆ ಅಳೆಯುತ್ತದೆ. ಹೋಗುವವಳನ್ನು ಕೇಳದೇ ನಿಶ್ಚಯಿಸಿದ ಪದ್ಧತಿ ಅದು, ಅದರ ಅನ್ಯಾಯವನ್ನು ಮುಚ್ಚಿಡಬೇಕಿಲ್ಲ. ಆದರೂ ಊರನ್ನು ನೋಡುವಾಗ ಹಿರಿಯರು, ಅದರಲ್ಲೂ ಹುಡುಗಿಯ ತಾಯಿ, ಅಲ್ಲಿ ಹೋಗಿ ಬಾಳಬೇಕಾದವಳ ಕಾಲಿನಿಂದ ಹಾದಿ ಅಳೆಯುತ್ತಿದ್ದರು. ವೀಸಾ ಏಜೆಂಟರ ಪಟ್ಟಿಯಲ್ಲಿ ಹುಡುಕಿದರೂ ಸಿಗದ ಅಳತೆ ಇದು.

ಅದನ್ನೇ ಹಿಡಿದು ದೇಶಗಳನ್ನು ನೋಡಿದರೆ ಪಟ್ಟಿಯ ಕ್ರಮವೇ ತಲೆಕೆಳಗಾಗುತ್ತದೆ. ಸಂಬಳದಲ್ಲಿ ಅಮೆರಿಕವನ್ನು ಮೀರಿಸುವುದು ಕಷ್ಟ. ಆದರೆ ಎಚ್-1ಬಿ ಉದ್ಯೋಗ ವೀಸಾದ ಗಂಡನ ಜೊತೆ ಹೋಗುವ ಹೆಂಡತಿಗೆ ಸಿಗುವುದು ಆಶ್ರಿತರ ಎಚ್-4 ವೀಸಾ. 2015ರವರೆಗೆ ಅದರಲ್ಲಿ ದುಡಿಯುವ ಹಕ್ಕೇ ಇರಲಿಲ್ಲ. ಆ ವರ್ಷ ಬಂದ ನಿಯಮವೂ ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಅನ್ವಯ. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸರದಿ ದಶಕಗಟ್ಟಲೆ ಕಾಯಿಸುತ್ತದೆ. ಅಷ್ಟರಲ್ಲಿ ಎರಡು ವರ್ಷದ ಕೂಸಾಗಿ ಹೋದ ಮಗಳಿಗೆ 21 ತುಂಬಿತೆನ್ನಿ. ಅವತ್ತಿನಿಂದ ಅವಳು ಅಪ್ಪನ ವೀಸಾದ ಆಶ್ರಿತಳಲ್ಲ. ತನ್ನದೇ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ತಾನು ಬೆಳೆದ ದೇಶ ಬಿಡಬೇಕು. ಎಂಜಿನಿಯರು ಆರಿಸಿದ ದೇಶದಲ್ಲಿ ಎಂಜಿನಿಯರನೊಬ್ಬನ ಕಾಲೇ ಗಟ್ಟಿ.

ಸಿಂಗಪುರ ಹತ್ತಿರ, ಕ್ಷೇಮ, ರಾತ್ರಿ ಹೊರಟರೆ ಬೆಳಿಗ್ಗೆ ಬೆಂಗಳೂರು. ಅಲ್ಲಿನ ಶಾಲೆಗಳಲ್ಲಿ ಮಾತೃಭಾಷೆ ಎಂಬುದೊಂದು ವಿಷಯವಿದೆ. ಭಾರತೀಯ ಮಕ್ಕಳಿಗೆ ತಮಿಳು, ಅಥವಾ ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ, ಉರ್ದುಗಳಲ್ಲಿ ಒಂದು. ಕನ್ನಡ ಆ ಪಟ್ಟಿಯಲ್ಲಿಲ್ಲ, ತೆಲುಗೂ ಇಲ್ಲ. ನೇಮಕಲ್ಲಿನಲ್ಲಿ ಕನ್ನಡ ತೆಲುಗುಗಳ ನಡುವೆ ತೂಗಾಡಿದ ಮನೆಯ ಮೊಮ್ಮಗು ಅಲ್ಲಿ ಹಿಂದಿಯನ್ನು ತಾಯಿನುಡಿ ಎಂದು ಬರೆದು ಅಂಕ ಪಡೆಯುತ್ತದೆ. ನಗು ಬರುವಂಥದ್ದೇ ಇದು. ಆದರೆ ಅಲ್ಲೇ ಕಾಯಂ ನಿವಾಸ ಪಡೆದ ಕುಟುಂಬದ ಹುಡುಗ ಎರಡು ವರ್ಷ ಸೈನಿಕ ಸೇವೆಗೂ ಬದ್ಧನಾಗುತ್ತಾನೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ದುಬೈಯ ಲೆಕ್ಕ ಸರಳ: ಸಂಬಳಕ್ಕೆ ತೆರಿಗೆ ಇಲ್ಲ, ಸಿಬಿಎಸ್‌ಇ ಶಾಲೆ ಇದೆ, ಮಗನಿಗೆ 25 ಆಗುವವರೆಗೆ ಅಪ್ಪನ ನೆರಳಿದೆ, ಆಮೇಲೆ ಅವನ ದಾರಿ ಅವನದು. ಕೆನಡಾ, ಆಸ್ಟ್ರೇಲಿಯಾಗಳ ನುರಿತ ಕೆಲಸಗಾರರ ಕಾಯಂ ವೀಸಾದಲ್ಲಿ ಹೋದ ಕುಟುಂಬಕ್ಕೆ ಸಂಬಳ ಅಮೆರಿಕಕ್ಕಿಂತ ಕಡಿಮೆಯಿರಬಹುದು, ಮನೆಬೆಲೆ ಕೇಳಿದರೆ ಎದೆ ಒಡೆಯುತ್ತದೆ, ಕೆನಡಾದ ಚಳಿ ಬೇರೆ. ಆದರೆ ಇಳಿದ ದಿನವೇ ಹೆಂಡತಿಗೂ ಮಕ್ಕಳಿಗೂ ಗಂಡನಷ್ಟೇ ಹಕ್ಕು. ನನ್ನ ತಕ್ಕಡಿಯಲ್ಲಿ ಇದು ಸಂಬಳದ ಅಂತರಕ್ಕಿಂತ ಭಾರ.

ತಂದೆ ತಾಯಿ ಮಕ್ಕಳಿಗಾಗಿ ಎಲ್ಲವನ್ನೂ ತಾವೇ ನಿರ್ಧರಿಸುತ್ತಾರೆ, ಹೆಸರಿನಿಂದ ಹಿಡಿದು ಹಾಲು ಬಿಡಿಸುವುದರವರೆಗೆ; ಊರೊಂದಕ್ಕೇ ಈ ರಗಳೆ ಏಕೆ ಎಂದು ಕೇಳಬಹುದು. ಹೆಸರು ಇಷ್ಟವಾಗದಿದ್ದರೆ ಅಫಿಡವಿಟ್ಟು ಮಾಡಿಸಿ ಬದಲಿಸಿಕೊಳ್ಳಬಹುದು. ಬಾಲ್ಯದ ಊರನ್ನು ಬದಲಿಸಿಕೊಳ್ಳುವ ಅಫಿಡವಿಟ್ಟು ಎಲ್ಲಿದೆ? ಸರಿಪಡಿಸಲಾಗದ್ದನ್ನು ಇನ್ನೊಬ್ಬರ ಪರವಾಗಿ ನಿರ್ಧರಿಸುವವನ ಮೇಲೆ ಹೆಚ್ಚು ಜವಾಬ್ದಾರಿ ಬೀಳುತ್ತದೆ ಎಂಬುದಷ್ಟೇ ನನ್ನ ವಾದ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕಡಪದಿಂದ, ಕದಿರಿಯಿಂದ ಕುವೈತಿಗೆ ಮನೆಗೆಲಸಕ್ಕೆ ಹೋಗುವ ಹೆಂಗಸು ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಿಲ್ಲ. ದೇಶವನ್ನು ಗೊತ್ತುಮಾಡುವುದು ಸಾಲ ಮತ್ತು ಏಜೆಂಟು. ಸಂಸಾರ ಸಮೇತ ಎಂಬ ಮಾತೇ ಅವಳಿಗಿಲ್ಲ, ಮಕ್ಕಳು ಅಜ್ಜಿಯ ಹತ್ತಿರ. ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಇಳಿಯುವ ಕುಟುಂಬವೂ ಅಷ್ಟೆ. ಇವರ ಮುಂದೆ ನನ್ನ ಅಳತೆಯನ್ನು ಇಟ್ಟರೆ ಕ್ರೂರವಾಗುತ್ತದೆ. ಹ್ಯೂಮ್ ಹೇಳಿದ ರೈತ ಇವರೇ. ಆದರೆ ಪಟ್ಟಿ ಬರೆಯಲು ಕೂರುವಷ್ಟು ಬಿಡುವೂ ಹಣವೂ ಇದ್ದವನು ಇವರ ಹೆಸರು ಹೇಳಿ ತನ್ನ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ.

ಹಾಗಿದ್ದರೆ ಊರಲ್ಲೇ ಉಳಿದವರು ನಿರಪರಾಧಿಗಳೇ? ಅದೂ ಇಲ್ಲ. ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗಲು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ರಾಯದುರ್ಗ, ಮಡಕಶಿರಾಗಳ ಕನ್ನಡ ಶಾಲೆಗಳಿಗೆ ಅದೇ ಆಸರೆ. 2019ರಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳ ಒಂದರಿಂದ ಆರನೇ ತರಗತಿಯನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಆದೇಶ ಹೊರಡಿಸಿತು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಭಾಷಾಭಿಮಾನಿಗಳಿಗೆ ಸಂತೋಷವಾಯಿತು. ಆದರೆ ಇಂಗ್ಲಿಷ್ ಬೇಕು ಎಂದು ಹಂಬಲಿಸಿದ ಬಡ ತಂದೆ ತಾಯಿಯರೂ ಕಡಿಮೆ ಇರಲಿಲ್ಲ, ಅವರ ಹಂಬಲವನ್ನು ಮೂರ್ಖತನ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಳ್ಳಿಯ ಅರಳಿಕಟ್ಟೆಯ ಮುಂದೆ ನಿಲ್ಲುವ ಖಾಸಗಿ ಶಾಲೆಯ ವ್ಯಾನು ಹತ್ತಿದ ಮಗು ಮನೆಯಿಂದ ಹೊರಗಿನ ನಾಡಿಗೇ ಹೊರಟಿರುತ್ತದೆ, ಸಂಜೆ ಹಿಂದಿರುಗುತ್ತದೆ ಎಂಬುದೊಂದೇ ವ್ಯತ್ಯಾಸ. ಊರು ಬಿಡದೆ ಉಳಿಯುವುದೂ ಒಂದು ಆಯ್ಕೆ, ಅದನ್ನೂ ಯಾರೋ ಯಾರದೋ ಪರವಾಗಿ ಮಾಡಿರುತ್ತಾರೆ.

ಕೊನೆಗೆ ಊರಿಗೇ ಬರ್ತೀವಿ ಬಿಡಿ, ಎನ್ನುತ್ತಾರೆ ಹೋಗುವವರು. ಆ ಮಾತು ಎಷ್ಟು ಜನರ ಪರವಾಗಿ ಆಡಿದ್ದು? ಹನ್ನೆರಡರ ಹುಡುಗನಿಗೆ ಬಳ್ಳಾರಿಯೇ ಪರದೇಶ. ಅವನ ಪಾಲಿಗೆ ಹಿಂದಿರುಗುವಿಕೆ ಎಂದರೆ ಎರಡನೆಯ ವಲಸೆ. ನಮ್ಮ ಪೌರತ್ವ ಕಾನೂನು ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ಅದರ ಬದಲಿಗೆ ಸಿಗುವ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡಿನಲ್ಲಿ ಮತ ಹಾಕುವಂತಿಲ್ಲ. ಅಜ್ಜನ ಹೊಲ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಅರ್ಧ ಎಕರೆಯನ್ನು ಕೊಳ್ಳುವಂತಿಲ್ಲ. ಆದರೂ ಆರಿಸದವರನ್ನು ಈ ಕಾನೂನು ಪೂರ್ತಿ ಮರೆತಿರಲಿಲ್ಲ. 1955ರ ಪೌರತ್ವ ಕಾಯ್ದೆಯ 8ನೇ ಸೆಕ್ಷನ್ನಿನ ಪ್ರಕಾರ ತಂದೆ ತಾಯಿ ಪೌರತ್ವ ತ್ಯಜಿಸಿದರೆ ಅಪ್ರಾಪ್ತ ಮಕ್ಕಳೂ ಅದನ್ನು ಕಳೆದುಕೊಳ್ಳುತ್ತಾರೆ. ಆದರೆ ವಯಸ್ಕರಾದ ಮೇಲೆ ಒಂದು ವರ್ಷದೊಳಗೆ ಘೋಷಣೆ ಮಾಡಿ ಮರಳಿ ಭಾರತೀಯರಾಗಬಹುದು. ನಾನು ಇಷ್ಟು ಹೊತ್ತು ಕೇಳುತ್ತಿರುವುದು ಇಂಥದ್ದನ್ನೇ. ಆದರೆ ಸಿಂಗಪುರದ ಪೌರತ್ವ ಪಡೆದ ತಂದೆ ತಾಯಿಯ ಮಗನೊಬ್ಬನ ಪ್ರಕರಣದಲ್ಲಿ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದರ ವ್ಯಾಪ್ತಿಯನ್ನು ಸ್ಪಷ್ಟಪಡಿಸಿತು. ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ್ದು ಕಾನೂನಿನಂತೆ ತಾನಾಗಿ ಹೋಗುತ್ತದೆ; ಅದು ತ್ಯಜಿಸಿದಂತಲ್ಲ, ಆದ್ದರಿಂದ ಅಂಥವರ ಮಕ್ಕಳಿಗೆ ಈ ಒಂದು ವರ್ಷದ ಅವಕಾಶವೂ ಇಲ್ಲ ಎಂದಿತು. ವಿದೇಶದ ಪೌರತ್ವದ ಅರ್ಜಿಗೆ ಸಹಿ ಹಾಕುವ ಅಪ್ಪ ಈ ತೀರ್ಪನ್ನು ಓದಿರುವುದು ಅಪರೂಪ. ಓದಬೇಕಾದ ಮಗನಿಗೆ ಆಗ ನಾಲ್ಕೋ ಐದೋ ವರ್ಷ.