ಕಚ್ಚದೆ ಗೆಲ್ಲುವುದು



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಪ್ರಶ್ನೆ: ಪಂಚಶೀಲ ಸ್ವೀಕರಿಸಿದವರು ಗೆಲ್ಲಬೇಕೆಂದು ಆಸೆಪಡಬಹುದೇ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಜಾತ್ರೆ ಬಂತೆಂದರೆ ಪಂದ್ಯವೂ ಬಂತು. ಟಗರಿನ ಕಾಳಗ, ಎತ್ತಿನ ಬಂಡಿ ಓಟ, ಗುಂಡು ಎತ್ತುವುದು. ಮುಧೋಳ ನಾಯಿಗೆ ಪ್ರದರ್ಶನದಲ್ಲಿ ಬಹುಮಾನ ಬಂದರೆ ಸಾಕಿದವರ ಓಣಿಗೇ ಹಬ್ಬ. ಬೆಳ್ಳಿ ಖಡೆ, ಢಾಲು, ನಗದು ಏನೇ ಇರಲಿ, ಪಕ್ಕದ ಊರಿನವರ ಕಣ್ಣೆದುರು ಅದನ್ನು ಪಡೆಯುವುದೇ ದೊಡ್ಡದು.

ಆದರೆ ಪಂದ್ಯಗಳೆಲ್ಲ ಒಂದೇ ಅಲ್ಲ. ಟಗರಿನ ಕಾಳಗದಲ್ಲಿ ಒಂದು ಗೆಲ್ಲಬೇಕಾದರೆ ಇನ್ನೊಂದರ ತಲೆ ಒಡೆಯಬೇಕು, ಇಲ್ಲವೇ ಅದು ಹೆದರಿ ಓಡಬೇಕು. ಮೊದಲನೆಯ ಶೀಲ ಅಲ್ಲೇ ಮುರಿಯಿತು. ಸಾಮ್ರಾಟ ಅಶೋಕ ತನ್ನ ಮೊದಲನೆಯ ಬಂಡೆ ಶಾಸನದಲ್ಲಿ 'ಸಮಾಜ' ಎಂಬ ಜನಕೂಟಗಳನ್ನು ಒಪ್ಪಲಿಲ್ಲ. ಅವುಗಳಲ್ಲಿ ದೋಷ ಕಂಡ. ಹಾಗೆಂದು ಎಲ್ಲವನ್ನೂ ತಳ್ಳಿಹಾಕಲೂ ಇಲ್ಲ. ಒಳ್ಳೆಯ ಸಮಾಜಗಳೂ ಕೆಲವು ಇವೆ ಎಂದು ಅದೇ ಶಾಸನದಲ್ಲಿ ಸೇರಿಸಿದ. ಯಾವುದು ಒಳ್ಳೆಯದು ಎಂದು ಆರಿಸುವ ಕೆಲಸ ನಮಗೆ ಉಳಿದಿದೆ.

ಕುರಿಗಳದ್ದೇ ಇನ್ನೊಂದು ಪಂದ್ಯ ನೋಡಿ. ಇಂಗ್ಲೆಂಡಿನ ಪಕ್ಕದ ವೇಲ್ಸ್ ನಾಡಿನ ಬಾಲಾ ಎಂಬ ಊರಲ್ಲಿ 1873ರಲ್ಲಿ ಕುರಿ ಕಾಯುವ ನಾಯಿಗಳ ಸ್ಪರ್ಧೆ ನಡೆಯಿತು. ಗೆದ್ದವನು ಆ ನಾಡಿನವನಲ್ಲ, ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವನು. ಇಂಥ ಸ್ಪರ್ಧೆಗಳು ಇಂದಿಗೂ ನಡೆಯುತ್ತಿವೆ. ಕುರಿಗಾಹಿ ದೂರ ನಿಂತು ಸಿಳ್ಳೆ ಹಾಕುತ್ತಾನೆ. ನಾಯಿ ಸುತ್ತು ಹಾಕಿ ಹೋಗಿ, ಕೆಲವೇ ಕುರಿಗಳನ್ನು ಬೇಲಿಗಂಡಿಗಳ ನಡುವೆ ಹಾಯಿಸಿ ದೊಡ್ಡಿಗೆ ತುಂಬಬೇಕು. ತಪ್ಪಿದಲ್ಲೆಲ್ಲ ಅಂಕ ಕಳೆಯುತ್ತಾರೆ. ಕುರಿಗೆ ಬಾಯಿ ಹಾಕಿ ಕಚ್ಚಿದರೆ ನಾಯಿಯನ್ನು ಪಂದ್ಯದಿಂದಲೇ ಹೊರಗೆ ಕಳಿಸಬಹುದು. ಒಂದು ನಾಯಿಯ ಸರದಿ ಮುಗಿದ ಮೇಲೆ ಇನ್ನೊಂದರ ಸರದಿ. ಎದುರಾಳಿಯನ್ನು ಬೀಳಿಸುವ ಮಾತೇ ಇಲ್ಲ. ಎಲ್ಲರಿಗೂ ಅದೇ ಬಯಲು, ಅದೇ ಅಳತೆ.

ಪಾಲಿಯಲ್ಲಿ ಆಸೆಗೆ ಒಂದೇ ಪದವಿಲ್ಲ. ತಣ್ಹಾ ಎಂದರೆ ನನಗೇ ಬೇಕೆಂಬ ದಾಹ. ಛಂದ ಎಂದರೆ ಮಾಡುವ ಉತ್ಸಾಹ, ಅದು ಒಳ್ಳೆಯ ಕೆಲಸದ ಕಡೆಗೂ ತಿರುಗಬಲ್ಲದು. ಕೆಲಸ ಚೆಂದ ಆಗಲಿ ಎನ್ನುವವರು ಎದುರಾಳಿಯಿಂದಲೂ ಕಲಿಯುತ್ತಾರೆ. ಢಾಲೇ ಬೇಕು ಎನ್ನುವವರಿಗೆ ಎದುರಾಳಿ ಬರೀ ಅಡ್ಡಿ.

ಇಲ್ಲಿ ನಾವು ಮರೆಯಬಾರದ ಮಾತೊಂದಿದೆ. ಸ್ಪರ್ಧೆಗೂ ಮೊದಲು ಸಮಾನತೆ ಬೇಕು. ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯಲ್ಲಿ ಬಹುಮಾನ ಹುಟ್ಟುವಾಗಲೇ ಹಂಚಿ ಆಗಿರುತ್ತದೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲು ಚಮ್ಮಾರ ಸಮುದಾಯದವರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಪುಣೆಯಲ್ಲಿ ಆಡುವಾಗ ಅವರಿಗೆ ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಚೆಂಡು ಜಾತಿ ಕೇಳಲಿಲ್ಲ, ಲೋಟ ಕೇಳಿತು. ಇದೇ ಬಾಲು 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು. ಹಾಗೆಂದು ಅವರ 114 ವಿಕೆಟ್‌ಗಳಲ್ಲಿ ಒಂದಾದರೂ ಕಡಿಮೆಯಾಯಿತೇ? ನಮ್ಮ ವಿರುದ್ಧ ನಿಂತವರ ಗುಣವನ್ನು ಗುಣ ಎನ್ನುವುದಕ್ಕೆ ಎದೆ ಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಪ್ರತಿಭಾ ಕಾರಂಜಿಯಲ್ಲಿ ಎರಡನೆಯ ಸ್ಥಾನ ಬಂದ ಮಗು ಐದು ನಿಮಿಷ ಅತ್ತು ಮರೆಯುತ್ತದೆ. ಮನೆಯ ಹಿರಿಯರು ವರ್ಷಗಟ್ಟಲೆ ಮರೆಯುವುದಿಲ್ಲ. ಒಂದೇ ಓಣಿಯ ಇಬ್ಬರು ಹುಡುಗರು ಬಾಗಲಕೋಟೆಯಲ್ಲಿ ಒಂದೇ ಖೋಲಿ ಮಾಡಿಕೊಂಡು ನೌಕರಿ ಪರೀಕ್ಷೆಗೆ ಓದುತ್ತಾರೆ. ಒಬ್ಬನಿಗೆ ಆಗುತ್ತದೆ, ಇನ್ನೊಬ್ಬನಿಗೆ ಆಗುವುದಿಲ್ಲ. ಮರುದಿನದಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಹುದ್ದೆಗಳು ಕಡಿಮೆ, ಓದುವ ಮಕ್ಕಳು ಹೆಚ್ಚು. ಆ ನೋವು ಸುಳ್ಳಲ್ಲ. ಆದರೆ ಸಾವಿರಾರು ವರ್ಷ ಬಯಲಿನ ಹೊರಗೆ ನಿಂತಿದ್ದ ನಾವು ಈಗಷ್ಟೇ ಒಳಗೆ ಬಂದಿದ್ದೇವೆ. ಬಂದ ಕೂಡಲೇ ನಮ್ಮವರನ್ನೇ ಕಚ್ಚಿದರೆ ಗೆದ್ದವರು ಯಾರು?

ಇದಕ್ಕೆ ಬುದ್ಧ ಕೊಟ್ಟ ಮದ್ದು ಮುದಿತಾ. ಇನ್ನೊಬ್ಬರ ಏಳಿಗೆ ಕಂಡು ಹಿಗ್ಗುವುದು. ಮೈತ್ರಿ ಸುಲಭ, ಎಲ್ಲರೂ ಸುಖವಾಗಿರಲಿ ಎಂದರಾಯಿತು. ದುಃಖದಲ್ಲಿರುವವರಿಗೆ ಕರುಣೆ ತೋರುವುದೂ ಅಷ್ಟು ಕಷ್ಟವಲ್ಲ. ನಾವು ಬಯಸಿದ್ದನ್ನೇ ಪಡೆದವರ ಮುಂದೆ ನಿಂತು ಹಿಗ್ಗುವುದು ಕಷ್ಟ. ಅದಕ್ಕೇ ಅದನ್ನು ಅಭ್ಯಾಸ ಎನ್ನುವುದು.

ಗೆಲ್ಲಲು ಆಸೆಪಡಿ. ಮಕ್ಕಳಿಗೂ ಗೆಲ್ಲಲು ಕಲಿಸಿ. ಕಚ್ಚದೆ ಗೆಲ್ಲುವುದನ್ನು, ಸೋತಾಗ ಕೈಚಪ್ಪಾಳೆ ತಟ್ಟುವುದನ್ನೂ ಕಲಿಸಿ.

ಇಂದಿನ ಅಭ್ಯಾಸ: ನಿಮ್ಮನ್ನು ಹಿಂದೆ ಹಾಕಿ ಮುಂದೆ ಹೋದ ಒಬ್ಬರನ್ನು ನೆನೆಯಿರಿ. ಅವರಿಗೆ ಫೋನ್ ಮಾಡಿ, ಮನೆಯವರನ್ನೆಲ್ಲ ವಿಚಾರಿಸಿ. ಬಹುಮಾನದ ಮಾತು ಬಂದರೆ ಅಭಿನಂದಿಸಿ.

ಜೈ ಭೀಮ್. ನಮೋ ಬುದ್ಧಾಯ.