ಜೀಪು ಯಾವುದು?

ಮಲೆನಾಡಿನ ಕಾಫಿ ತೋಟಗಳ ಎಷ್ಟೋ ಹಳೆಯ ಮಹೀಂದ್ರ ಜೀಪುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗ್ ಪ್ಲೇಟುಗಳೆಲ್ಲ ಒಂದೊಂದಾಗಿ ಬದಲಾಗಿವೆ. ಹಾಗಾದರೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವ ಜೀಪು ಯಾವುದು? ಅಚ್ಚು, ಗಾಲಿ, ನೊಗ ಯಾವುದೂ ರಥವಲ್ಲವೆಂದು ಮಿಲಿಂದ ರಾಜನಿಗೆ ತೋರಿಸಿದ ಭಿಕ್ಷು ನಾಗಸೇನ, ಭಾಗಗಳ ಕೂಟಕ್ಕೆ ಇಟ್ಟ ಹೆಸರಷ್ಟೇ ರಥವೆಂದ. ನನಗಿದು ಅರ್ಧ ಉತ್ತರ. ಕಳಚಿದ್ದನ್ನು ಮತ್ತೆ ಕೂಡಿಸುವ, ಹೊಳೆ ದಾಟಿದ ಮೇಲೆ ಆಕ್ಸಲ್ ಎಣ್ಣೆಗೆ ನೀರು ಸೇರಿದೆಯೇ ಎಂದು ನೋಡುವ ಆರೈಕೆಯೇ ಅದನ್ನು ಒಂದೇ ವಸ್ತುವಾಗಿ ಉಳಿಸುತ್ತದೆ. ಚಾಸಿ ನಂಬರೇ ಗುರುತಲ್ಲವೇ ಎನ್ನಬಹುದು. ಅದು ಒಡೆತನದ ದಾಖಲೆ, ನಿಜ. ಭಾಗ ಬದಲಿಸುವುದಕ್ಕೂ ಕಾನೂನಿನ ಮಿತಿಯಿದೆ: ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನ್ಯಾಯವೇ; ದಾರಿ ಎಲ್ಲರದು. ಆದರೆ ಹಿತ್ತಲಲ್ಲಿ ತುಕ್ಕು ಹಿಡಿದ ಜೀಪಿನ ನಂಬರೂ ಅಳಿಸಿರುವುದಿಲ್ಲ. ಗುಜರಿಯವನು ಅದನ್ನು ತೂಕದ ಲೆಕ್ಕದಲ್ಲೇ ಕೊಳ್ಳುತ್ತಾನೆ.